ಸೌಂಡ್ ಎಂಬ ಒಂದು ಮಾತು ನನಗೆ ಮಾಡಿದ್ದು

ನನಗೆ ಇಂಗ್ಲಿಷ್ ಬರುತ್ತದೆ ಎಂದು ಮೊದಲು ನಂಬಿದವರು ನಮ್ಮೂರಿನವರು. ನಾನು ನಂಬಿದ್ದು ಅವರಾದ ಮೇಲೆ. ಆದರೆ ತಡವಾಗಿ ನಂಬಿದರೂ ಅವರೆಲ್ಲರಿಗಿಂತ ಹೆಚ್ಚಾಗಿ ನಂಬಿದೆ. ಅವರಿಗೆ ಅನುಮಾನ ಶುರುವಾದ ಮೇಲೂ ನಂಬಿಕೊಂಡೇ ಇದ್ದೆ.

ನಮ್ಮದು ಬೂದಿಕೋಟೆಯ ಕಡೆಯ ಒಂದು ಸಣ್ಣ ಊರು. ರಾಗಿ ಹೊಲ, ಎಮ್ಮೆ, ಒಂದು ಜೊತೆ ಎತ್ತು, ಇಷ್ಟೇ ನಮ್ಮ ಬದುಕು. ನನಗಿಂತ ಮುಂಚೆ ನಮ್ಮ ಮನೆತನದಲ್ಲಿ ಬಳಪ ಹಿಡಿದವರಿರಲಿಲ್ಲ. ಅಪ್ಪನಿಗೆ ಏನು ಹೊಳೆಯಿತೋ, ನನ್ನನ್ನು ಬೌರಿಂಗ್‌ಪೇಟೆಯ ಶಾಲೆಗೆ ಸೇರಿಸಿದ. ಈಗ ಬಂಗಾರಪೇಟೆ ಎನ್ನುವ ಊರನ್ನು ಆಗ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದವರು ಕಚ್ಚೆಪಂಚೆಯ ಮೇಲೆ ಕಪ್ಪು ಕೋಟು ತೊಡುತ್ತಿದ್ದ ಒಬ್ಬ ಮೇಷ್ಟ್ರು. ಅವರ ಪದ್ಧತಿ ಬಹಳ ಸರಳ. ಒಂದು ಇಂಗ್ಲಿಷ್ ಮಾತಿಗೆ ಒಂದು ಕನ್ನಡ ಮಾತು. ಟ್ರೀ ಅಂದರೆ ಮರ, ವೆಲ್ ಅಂದರೆ ಬಾವಿ, ಸೌಂಡ್ ಅಂದರೆ ಶಬ್ದ. ಇದನ್ನು ನಾವು ರಾಗವಾಗಿ ಕೂಗಬೇಕು. ಕೊಟ್ಟಿಗೆಯಲ್ಲಿ ಒಂದೊಂದು ಎತ್ತಿಗೆ ಒಂದೊಂದು ಗೂಟ ಇರುವ ಹಾಗೆ ಇಂಗ್ಲಿಷ್ ಭಾಷೆ ನನ್ನ ತಲೆಯೊಳಗೆ ಶಿಸ್ತಾಗಿ ಕಟ್ಟಿಹಾಕಿಕೊಂಡು ನಿಂತಿತ್ತು. ಒಂದು ಎತ್ತು ಗೂಟ ಕಿತ್ತುಕೊಂಡು ಇನ್ನೊಂದರ ಜಾಗಕ್ಕೆ ಹೋಗಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಊರಿಗೆ ರಜೆಗೆ ಹೋದಾಗಲೆಲ್ಲ ನನ್ನ ವಿದ್ಯೆಗೆ ಕೆಲಸ ಸಿಗುತ್ತಿತ್ತು. ಒಮ್ಮೆ ಅಜ್ಜಿಗೆ ಕೆಮ್ಮು ಬಂದು, ಅಪ್ಪ ಆಸ್ಪತ್ರೆಯಿಂದ ಒಂದು ಸೀಸೆ ಕೆಂಪು ಔಷಧ ತಂದ. ಅದರ ಮೇಲೆ ಅಂಟಿಸಿದ್ದ ಚೀಟಿಯನ್ನು ಓದಲು ನನ್ನ ಕೈಗೆ ಕೊಟ್ಟ. ಕುಡಿಯುವ ಮುಂಚೆ ಶೇಕ್ ವೆಲ್ ಮಾಡಬೇಕು ಎಂದಿತ್ತು. ನಾನು ಗಂಟಲು ಸರಿಮಾಡಿಕೊಂಡು, ಈ ಔಷಧವನ್ನು ಬಾವಿಯ ಹತ್ತಿರ ಅಲ್ಲಾಡಿಸಿ ಕುಡಿಯಬೇಕಂತೆ ಎಂದು ಹೇಳಿದೆ. ಅಜ್ಜಿ ಕೆಮ್ಮು ನಿಲ್ಲುವವರೆಗೂ ಬೆಳಗ್ಗೆ ಸಂಜೆ ಸೀಸೆ ಹಿಡಿದುಕೊಂಡು ಊರಾಚೆಯ ಬಾವಿಗೆ ಹೋಗಿಬಂದಳು. ಕೆಮ್ಮು ನಿಂತಿತು. ಬಾವಿಯ ದಾರಿಯಲ್ಲಿ ಸಿಕ್ಕವರಿಗೆಲ್ಲ ಅವಳೇ ನನ್ನ ಇಂಗ್ಲಿಷಿನ ಕೀರ್ತಿಯನ್ನು ಹರಡಿದಳು.

ಆ ಕೀರ್ತಿ ನನ್ನ ಸೋದರಮಾವನ ಕಿವಿಗೂ ಬಿತ್ತು. ಬಿತ್ತು ಎನ್ನುವುದೇ ಒಂದು ಆಶ್ಚರ್ಯ, ಯಾಕೆಂದರೆ ಅವನ ಕಿವಿ ಮಂದ. ಅವನು ಬೌರಿಂಗ್‌ಪೇಟೆಯಿಂದ ರೈಲು ಹೋಗುವ ಕೋರಮಂಡಲ್ ಕಡೆಯ ಒಂದು ಚಿನ್ನದ ಗಣಿಯಲ್ಲಿ ಟಿಂಬರ್ ಮೇಸ್ತ್ರಿ. ಭೂಮಿಯೊಳಗೆ ಕೊರೆದ ದಾರಿಗಳು ಕುಸಿಯದ ಹಾಗೆ ಮರದ ದಿಮ್ಮಿಗಳನ್ನು ನಿಲ್ಲಿಸಿ ಆಸರೆ ಕಟ್ಟುವುದು ಅವನ ಕೆಲಸ. ಸಿಡಿಮದ್ದಿನ ಸದ್ದು ಕೇಳಿ ಕೇಳಿ ಕಿವಿ ಸೋತಿತ್ತು. ತನಗೆ ಕೇಳಿಸುವುದಿಲ್ಲ ಎಂದು ಮಾತ್ರ ಅವನು ಒಪ್ಪುತ್ತಿರಲಿಲ್ಲ, ಜನರೇ ಗೊಣಗುತ್ತಾರೆ ಎನ್ನುತ್ತಿದ್ದ. ಅವನು ಊರಿಗೆ ಬಂದು ಅಪ್ಪನ ಜೊತೆ ಜಗಲಿಯ ಮೇಲೆ ಕೂತು ಹೇಳಿದ್ದು ಇಷ್ಟು: ಗಣಿಯ ಒಳಗಿನ ಕೆಲಸ ನೋಡಿಕೊಳ್ಳಲು ಸೀಮೆಯಿಂದ ಹೊಸ ದೊರೆ ಬಂದಿದ್ದಾನೆ. ನಮ್ಮ ಮಾತು ಅವನಿಗೆ ಒಂದೂ ಬಾರದು. ಇದ್ದ ದುಭಾಷಿ ಮದ್ರಾಸಿಗೆ ಹೊರಟುಹೋದ. ಕೂಲಿಯವರಲ್ಲಿ ಅರ್ಧ ಜನ ತಮಿಳಿನವರು, ಉಳಿದವರಲ್ಲಿ ತೆಲುಗಿನವರೂ ಕನ್ನಡದವರೂ ಬೆರೆತಿದ್ದಾರೆ. ಮೂರೂ ಬಂದು ಮೇಲೆ ಇಂಗ್ಲಿಷೂ ಬರುವ ಹುಡುಗ ಬೇಕು.

ತೆಲುಗು ನಮ್ಮ ಕಡೆ ಎಲ್ಲರಿಗೂ ಬರುತ್ತದೆ. ತಮಿಳು ಪೇಟೆಯಲ್ಲಿ ಹತ್ತಿತ್ತು. ಇಂಗ್ಲಿಷಿನ ವಿಷಯಕ್ಕೆ ಅಜ್ಜಿ ಇದ್ದಳು. ಹೀಗೆ ನಾನು ತಲೆಗೆ ರುಮಾಲು ಸುತ್ತಿ, ಒಂದು ಹಳೆ ಕೋಟು ತೊಟ್ಟು ಮಾವನ ಹಿಂದೆ ರೈಲು ಹತ್ತಿದೆ.

ದೊರೆ ಕೆಂಪು ಮೀಸೆಯ, ದಪ್ಪ ಕತ್ತಿನ ಮನುಷ್ಯ. ತವರದ ಗಣಿಗಳಿರುವ ಯಾವುದೋ ಸಮುದ್ರದಂಚಿನ ಸೀಮೆಯಿಂದ ಬಂದವನಂತೆ. ಅವನು ಮಾತಾಡಿದ್ದು ನನ್ನ ಮೇಷ್ಟ್ರ ಇಂಗ್ಲಿಷ್ ಆಗಿರಲಿಲ್ಲ. ಮಾತಿನ ತಲೆಯನ್ನು ತಿಂದು, ಬಾಲವನ್ನು ನುಂಗಿ, ನಡುವಿನದನ್ನು ಮೀಸೆಯೊಳಗೆ ಬಿಡುತ್ತಿದ್ದ. ನಾನು ಎಲ್ಲದಕ್ಕೂ ಎಸ್ ಸಾರ್ ಎಂದೆ. ಕೆಲಸ ಆಯಿತು. ಎಸ್ ಸಾರ್ ಎನ್ನುವ ದುಭಾಷಿಯನ್ನು ಬೇಡ ಎಂದ ದೊರೆ ಇಲ್ಲವೆಂದು ಕಾಣುತ್ತದೆ.

ಮೊದಲ ದಿನ ಕೇಜಿನಲ್ಲಿ ಗಣಿಗೆ ಇಳಿದದ್ದನ್ನು ಹೇಳಿಬಿಡಬೇಕು. ಕೇಜು ಅಂದರೆ ಹಗ್ಗಕ್ಕೆ ಕಟ್ಟಿದ ಒಂದು ಕಬ್ಬಿಣದ ಗೂಡು. ಅದರೊಳಗೆ ದೊರೆ, ಮಾವ, ಆಳುಗಳು ಎಲ್ಲರೂ ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕು. ಗಂಟೆ ಬಾರಿಸಿತು, ಕಾಲ ಕೆಳಗಿನ ನೆಲ ಹೋಯಿತು. ನಾನು ಕಿರುಚಿದೆ. ಸ್ವಲ್ಪ ಅಲ್ಲ, ಕೆಳಗೆ ಮುಟ್ಟುವವರೆಗೂ ಕಿರುಚಿದೆ. ದೊರೆಯ ತೋಳನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದೆ ಎಂದು ಆಮೇಲೆ ತಿಳಿಯಿತು. ಕೆಳಗೆ ಇಳಿದ ಮೇಲೆ ಆಳುಗಳು ಬೇರೆ ಕಡೆ ಮುಖ ತಿರುಗಿಸಿಕೊಂಡು ನಕ್ಕರು. ಮಾವನೊಬ್ಬ ನಗಲಿಲ್ಲ. ಅವನಿಗೆ ಕೇಳಿಸಿರಲಿಲ್ಲ.

ಆಮೇಲೆ ಕೆಲಸ ಹೇಗೋ ಸಾಗಿತು. ಗಣಿಯೊಳಗಿನ ಮಾತು ಬಹಳ ಇರುವುದಿಲ್ಲ. ತೋರಿಸು, ಎತ್ತು, ನಿಲ್ಲಿಸು, ಇನ್ನೂ ಕೊರೆ, ಸಾಕು. ದೊರೆ ಬೆರಳು ತೋರಿಸಿದ ಕಡೆ ನೋಡಿ ನಾನು ಊಹಿಸುತ್ತಿದ್ದೆ. ಅವನು ಎರಡು ಮಾತು ಆಡಿದರೆ ನಾನು ಇಪ್ಪತ್ತು ಆಡುತ್ತಿದ್ದೆ, ಅದರಲ್ಲಿ ಯಾವುದಾದರೂ ಎರಡು ಸರಿಯಾಗಿರುತ್ತಿದ್ದವು. ಆಳುಗಳು ತಮಗೆ ಗೊತ್ತಿದ್ದ ಕೆಲಸವನ್ನು ಗೊತ್ತಿದ್ದ ಹಾಗೆ ಮಾಡಿ ಮುಗಿಸುತ್ತಿದ್ದರು. ದೊರೆಗೆ ಸಂತೋಷ. ನಾನು ಇಲ್ಲದಿದ್ದರೆ ಗಣಿ ನಡೆಯುತ್ತಿರಲಿಲ್ಲ ಎಂದು ನನಗೆ ಅನ್ನಿಸತೊಡಗಿತು.

ಹೀಗಿರುವಾಗ ಒಂದು ದಿನ ಮೇಲಿನ ಆಫೀಸಿನಿಂದ ಇನ್ನೊಬ್ಬ ದೊರೆ ನೋಡಲು ಬಂದ. ನಮ್ಮ ದೊರೆ ನನ್ನ ಭುಜ ತಟ್ಟಿ ಅವನಿಗೆ ಏನೋ ಹೇಳಿದ. ಅದರಲ್ಲಿ ನನಗೆ ಪೂರ್ತಿ ತಿಳಿದದ್ದು ಮೂರು ಮಾತು: ಸೌಂಡ್ ಯಂಗ್ ಮ್ಯಾನ್. ಸೌಂಡ್ ಅಂದರೆ ಶಬ್ದ. ಶಬ್ದದ ಹುಡುಗ. ಗಲಾಟೆಯವನು. ಬಂದ ದೊರೆ ನನ್ನನ್ನು ನೋಡಿ ನಕ್ಕು ತಲೆಯಾಡಿಸಿದ. ಕೇಜಿನ ಸಮಾಚಾರ ದೊರೆಗಳ ಮಟ್ಟದಲ್ಲಿ ಹಬ್ಬಿದೆ ಎಂದು ನನ್ನ ಮುಖ ಬೆವರಿತು.

ಆವತ್ತಿನಿಂದ ನಾನು ಮೆತ್ತಗೆ ಮಾತಾಡತೊಡಗಿದೆ. ಕೇಜಿನಲ್ಲಿ ಹಲ್ಲು ಕಚ್ಚಿ ನಿಲ್ಲುತ್ತಿದ್ದೆ. ಗಣಿಯೊಳಗೆ ದೊರೆಯ ಮಾತನ್ನು ಆಳುಗಳ ಕಿವಿಯ ಹತ್ತಿರ ಹೋಗಿ ಪಿಸುಗುಟ್ಟುತ್ತಿದ್ದೆ. ಹೆಣದ ಮನೆಯಲ್ಲಿ ಇರುವವನ ಹಾಗೆ ಹೆಜ್ಜೆಯಿಡುತ್ತಿದ್ದೆ. ದೊರೆ ಒಂದೆರಡು ಸಲ ಸ್ಪೀಕ್ ಅಪ್ ಎಂದ. ಸ್ಪೀಕ್ ಅಂದರೆ ಮಾತಾಡು, ಅಪ್ ಅಂದರೆ ಮೇಲೆ. ಮೇಲೆ ಹೋದ ನಂತರ ಮಾತಾಡು, ಇಲ್ಲಿ ಬೇಡ ಎನ್ನುತ್ತಿದ್ದಾನೆ ಎಂದು ನಾನು ಬಾಯಿಯನ್ನು ಇನ್ನಷ್ಟು ಮುಚ್ಚಿಕೊಂಡೆ.

ನಾನು ಇದ್ದದ್ದು ಮಾವನ ಮನೆಯಲ್ಲಿ. ಗಣಿಯವರಿಗೆಂದು ಸಾಲಾಗಿ ಕಟ್ಟಿದ ಬಿದಿರು ತಟ್ಟಿಯ ಮನೆಗಳಿಗೆ ಲೈನು ಎನ್ನುತ್ತಿದ್ದರು. ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ಮನೆಯಲ್ಲಿ ಸೀನಬೇಕು, ಅಷ್ಟು ಹತ್ತಿರ. ಮಾವ, ಅತ್ತೆ, ಅವರ ಮಗಳು. ಅವಳು ಲೈನಿನಲ್ಲೇ ಹುಟ್ಟಿ ಬೆಳೆದವಳು. ಪಕ್ಕದ ಮನೆಯವರ ಜೊತೆ ತಮಿಳು, ಎದುರಿನವರ ಜೊತೆ ತೆಲುಗು, ನನ್ನ ಜೊತೆ ಕನ್ನಡ, ಮೂರರಲ್ಲೂ ಒಂದೇ ವೇಗ. ನನ್ನನ್ನು ಕಂಡರೆ ಅವಳಿಗೆ ನಗು ತಡೆಯುತ್ತಿರಲಿಲ್ಲ. ನನಗೂ ಅವಳನ್ನು ಕಂಡರೆ ಮಾತು ತಡೆಯುತ್ತಿತ್ತು, ಅದು ಬೇರೆ ಕಾರಣಕ್ಕೆ.

ನಾನು ಪಿಸುಗುಟ್ಟಲು ಶುರುಮಾಡಿದ ಮೇಲೆ ಮನೆಯಲ್ಲಿ ತೊಂದರೆಯಾಯಿತು. ಮಾವನಿಗೆ ನನ್ನ ಒಂದು ಮಾತೂ ಕೇಳಿಸದು. ಮುದ್ದೆ ಸಾಕು ಎಂದರೆ ಇನ್ನೊಂದು ಹಾಕಿಸುತ್ತಿದ್ದ.

"ಯಾಕ್ ಬಾವ, ಗಂಟ್ಲು ಓಗೈತಾ?" ಎಂದು ಅವಳು ಕೇಳಿದಳು. ನಾನು ಗಣಿಯ ಧೂಳು ಎಂದೆ. ಅವಳು ಮೆಣಸಿನ ಕಷಾಯ ಮಾಡಿಕೊಟ್ಟಳು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಸದ್ದಿಲ್ಲದೆ ಕುಡಿದೆ. ಮಾರನೆಯ ದಿನವೂ ಮಾಡಿಕೊಟ್ಟಳು. ಬೇಡ ಎನ್ನುವಷ್ಟು ಧೈರ್ಯ ಬರಲಿಲ್ಲ.

ಇದಾದ ಕೆಲವು ವಾರಗಳಿಗೆ ಆ ಅನಾಹುತ ಆಯಿತು.

ಅದಕ್ಕೆ ಮುಂಚೆ ನಮ್ಮ ಗಣಿಯ ಇನ್ನೊಂದು ಮಗ್ಗುಲಲ್ಲಿ ಬಂಡೆ ಸಿಡಿದಿತ್ತು. ಒತ್ತಡ ತಡೆಯದೆ ಭೂಮಿಯೊಳಗಿನ ಕಲ್ಲು ತಾನಾಗಿ ಸಿಡಿಯುವುದು ಆ ಗಣಿಗಳಲ್ಲಿ ಇದ್ದದ್ದೇ. ಆ ಸಲ ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಎಲ್ಲರ ಮನಸ್ಸೂ ಸರಿಯಿರಲಿಲ್ಲ. ದೊರೆ ಎಲ್ಲಾ ದಾರಿಗಳ ಆಸರೆಯನ್ನೂ ಮತ್ತೆ ನೋಡಬೇಕೆಂದು ಹೊರಟ. ನಾವು ಮಾವನ ತಂಡ ಕೆಲಸ ಮಾಡುತ್ತಿದ್ದ ಕಡೆಗೆ ಬಂದೆವು. ಉದ್ದದ ಸುರಂಗ, ಎರಡೂ ಕಡೆ ದಪ್ಪ ದಿಮ್ಮಿಗಳು, ಮೇಲೆ ಅಡ್ಡ ತೊಲೆ. ದೊರೆ ದೀಪ ಎತ್ತಿ ಹಿಡಿದು ನೋಡಿದ. ಮಾವ ಎದೆ ಉಬ್ಬಿಸಿ ನಿಂತಿದ್ದ. ಅವನು ನಿಲ್ಲಿಸಿದ ಮರ ಅದು.

ದೊರೆ ನನ್ನ ಕಡೆ ತಿರುಗಿ, ಟಿಂಬರ್ ಸೌಂಡ್ ಇದೆಯೇ ಎಂದು ಅವನನ್ನು ಕೇಳು ಎಂದ. ಇಷ್ಟು ಸ್ಪಷ್ಟವಾದ ಇಂಗ್ಲಿಷನ್ನು ಅವನ ಬಾಯಲ್ಲಿ ನಾನು ಹಿಂದೆ ಕೇಳಿರಲಿಲ್ಲ. ಟಿಂಬರ್ ಅಂದರೆ ಮರ. ಸೌಂಡ್ ಅಂದರೆ ಶಬ್ದ. ಊಹಿಸುವ ಕೆಲಸವೇ ಇಲ್ಲ. ಮಾವನಿಗೆ ಕೇಳಿಸಬೇಕಲ್ಲ ಎಂದು ಪಿಸುಮಾತು ಬಿಟ್ಟು ಹೇಳಿದೆ.

"ಮಾವ, ಮರ ಸದ್ದು ಮಾಡ್ತೈತಾ ಅಂತ ದೊರೆ ಕೇಳ್ತಾವ್ರೆ."

ಮಾವನ ಮುಖ ಗಂಭೀರವಾಯಿತು. ಗಣಿಯೊಳಗೆ ಇದು ಸಣ್ಣ ಪ್ರಶ್ನೆಯಲ್ಲ. ಮೇಲಿನ ಬಂಡೆ ಭಾರ ಬಿಟ್ಟಾಗ ಮರ ಕಿರುಗುಟ್ಟುತ್ತದೆ. ಮರ ಕಿರುಗುಟ್ಟಿತು ಅಂದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಬೇಕು. ಮಾವ ಒಂದು ದಿಮ್ಮಿಗೆ ಕಿವಿ ಒತ್ತಿದ. ಅವನಿಗೆ ಏನು ಕೇಳಿಸೀತು! ತನ್ನ ಆಳುಗಳ ಕಡೆ ನೋಡಿ, ನಿಮಗೇನಾದರೂ ಕೇಳಿಸುತ್ತದೆಯೇ ಎಂದು ಕೇಳಿದ. ಅವರೂ ಒಬ್ಬೊಬ್ಬರು ಒಂದೊಂದು ದಿಮ್ಮಿಗೆ ಕಿವಿ ಇಟ್ಟರು. ಎಲ್ಲರೂ ತಲೆಯಲ್ಲಾಡಿಸಿದರು.

"ಇಲ್ಲ. ಒಂಚೂರೂ ಇಲ್ಲ ಅಂತ ಏಳು," ಎಂದ ಮಾವ.

ನಾನು ದೊರೆಗೆ, ನೋ ಸಾರ್, ನಾಟ್ ಸೌಂಡ್, ನಾಟ್ ಈವನ್ ಲಿಟಲ್ ಎಂದೆ. ಇಷ್ಟು ನಿಖರವಾದ ಅನುವಾದವನ್ನು ನಾನು ಹಿಂದೆಯೂ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ.

ದೊರೆ ನನ್ನನ್ನೇ ನೋಡಿದ. ದೀಪದ ಬೆಳಕಿನಲ್ಲೂ ಅವನ ಮುಖ ಬಿಳುಚಿದ್ದು ಕಂಡಿತು. ಎಲ್ಲವೂ ಹಾಗೆಯೇ ಎಂದು ಕೇಳಿದ. ನಾನು ಮಾವನನ್ನು ಕೇಳಿದೆ. ಮಾವ ಕೈಯನ್ನು ಸುರಂಗದ ಆ ಕೊನೆಯಿಂದ ಈ ಕೊನೆಯವರೆಗೆ ಬೀಸಿ, ಎಲ್ಲವೂ ಅಷ್ಟೇ, ಒಂದೂ ಇಲ್ಲ, ಬೇಕಾದರೆ ಬಂದು ನೋಡಲಿ ಎಂದ. ಹೆಮ್ಮೆಯಿಂದಲೇ ಹೇಳಿದ. ನಾನೂ ಹೆಮ್ಮೆಯಿಂದಲೇ, ಆಲ್ ಸಾರ್, ನಾಟ್ ಒನ್ ಸೌಂಡ್ ಎಂದೆ.

ದೊರೆ ಸೀಟಿ ಊದಿದ. ಆಮೇಲೆ ನಡೆದದ್ದಕ್ಕೆ ದುಭಾಷಿ ಬೇಕಾಗಲಿಲ್ಲ. ಅವನು ಕೈ ಬೀಸಿ ಕೂಗಿದ ರೀತಿಗೆ ಎಲ್ಲರೂ ಸಲಿಕೆ, ಕೊಡಲಿ ಬಿಸುಟು ಕೇಜಿನ ಕಡೆ ಓಡಿದರು. ಅಕ್ಕಪಕ್ಕದ ಸುರಂಗದವರೂ ಓಡಿದರು. ಏನಾಯಿತು ಎಂದು ಓಡುವವರು ನನ್ನನ್ನು ಕೇಳುತ್ತಿದ್ದರು. ನನಗೂ ಗೊತ್ತಿಲ್ಲ, ಓಡಿ ಎನ್ನುತ್ತಿದ್ದೆ. ಮಾವ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದ. ಆಳುಗಳೆಲ್ಲ ಮೇಲೆ ಹೋಗುವವರೆಗೂ ದೊರೆ ಕೆಳಗೇ ನಿಂತಿದ್ದು ಕೊನೆಯ ಕೇಜಿನಲ್ಲಿ ಬಂದ. ಅದನ್ನು ಮಾತ್ರ ಹೇಳಲೇಬೇಕು.

ಹೊತ್ತಲ್ಲದ ಹೊತ್ತಿನಲ್ಲಿ ಕೇಜು ಮೇಲೆ ಕೆಳಗೆ ಓಡಾಡುವುದು ಲೈನಿಗೆ ಕಾಣುತ್ತದೆ. ನಾವು ಮೇಲೆ ಬರುವಷ್ಟರಲ್ಲಿ ಹೆಂಗಸರು ಸೇರಿಬಿಟ್ಟಿದ್ದರು. ಕೇಜಿನ ಬಾಗಿಲು ತೆಗೆದಾಗಲೆಲ್ಲ ಅಷ್ಟೂ ಮುಖಗಳು ಒಟ್ಟಿಗೆ ಮುಂದಕ್ಕೆ ಬಾಗುತ್ತಿದ್ದವು. ಅತ್ತೆಯ ಕೈಯಲ್ಲಿ ಹಿಟ್ಟು ಮೆತ್ತಿದ ಮುದ್ದೆಕೋಲು ಹಾಗೇ ಇತ್ತು. ಮಾವನನ್ನು ಕಂಡ ಮೇಲೆ ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅವಳ ಹಿಂದೆ ನಿಂತಿದ್ದ ಮಗಳು ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ನೋಟವನ್ನು ಇಲ್ಲಿ ವಿವರಿಸುವುದಿಲ್ಲ. ಆ ಹೊತ್ತಿಗೆ ಅದನ್ನು ಅನುಭವಿಸಲು ನನಗೆ ಪುರುಸೊತ್ತಿರಲಿಲ್ಲ, ಯಾಕೆಂದರೆ ದೊರೆ ಮಾವನ ಮುಂದೆ ಬಂದು ನಿಂತಿದ್ದ.

ಇಂಥ ಮರವನ್ನು ಹೇಗೆ ನಿಲ್ಲಿಸಿದೆ, ಇಷ್ಟು ದಿನ ಬಾಯಿ ಬಿಡದೆ ಯಾಕಿದ್ದೆ ಎಂದು ದೊರೆ ಕೂಗಾಡಿದ. ನಾನು ನಡುವೆ ನಿಂತು ನನ್ನ ಕೆಲಸ ಮಾಡಿದೆ. ಮರ ಯಾಕೆ ಸದ್ದು ಮಾಡಲಿಲ್ಲ ಎಂದು ದೊರೆಗೆ ಸಿಟ್ಟು ಬಂದಿದೆ ಎಂದು ಮಾವನಿಗೆ ಹೇಳಿದೆ. ಮಾವ ನನ್ನ ಬಾಯಿಯನ್ನೇ ನೋಡಿದ. ತಪ್ಪು ಕೇಳಿಸಿತೇನೋ ಎಂದು ಇನ್ನೊಂದು ಸಲ ಹೇಳಿಸಿಕೊಂಡ.

"ಮರ ಯಾಕ್ಲಾ ಸದ್ದು ಮಾಡ್ಬೇಕು? ಸದ್ದು ಮಾಡಿದ್ರೆ ನಾವೆಲ್ಲ ಅಲ್ಲೇ ಮಣ್ಣಾಗ್ತಿದ್ವಿ. ಇವ್ನಿಗೆ ತಲೆ ಕೆಟ್ಟೈತಾ?"

ಕೊನೆಯ ಮಾತನ್ನು ಬಿಟ್ಟು ಉಳಿದದ್ದನ್ನು ನಾನು ದೊರೆಗೆ ಹೇಳಿದೆ: ಟಿಂಬರ್ ಸೌಂಡ್ ಆದರೆ ಎಲ್ಲರೂ ಸಾಯುತ್ತಾರೆ ಎಂದು. ದೊರೆ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡ. ಕೂಗುವುದನ್ನು ನಿಲ್ಲಿಸಿ ಬಹಳ ನಿಧಾನವಾಗಿ ಮತ್ತೆ ಕೇಳಿದ. ನಾನು ಬಹಳ ನಿಧಾನವಾಗಿ ಮತ್ತೆ ಅದನ್ನೇ ಹೇಳಿದೆ.

ಗಲಾಟೆಗೆ, ಆಳುಗಳ ಹಾಜರಿ ಬರೆಯುವ ಟೈಂ ಆಫೀಸಿನ ಗುಮಾಸ್ತ ಹೊರಗೆ ಬಂದಿದ್ದ. ಅವನು ತಮಿಳಿನವನು, ದೊರೆಗಳ ಜೊತೆಗೇ ಹಳಬನಾದವನು. ಸ್ವಲ್ಪ ಹೊತ್ತು ನಮ್ಮ ಮೂವರ ಮಾತನ್ನೂ ಕೇಳುತ್ತ ನಿಂತಿದ್ದು, ನನ್ನನ್ನು ಪಕ್ಕಕ್ಕೆ ಕರೆದು, ಸೌಂಡ್ ಅಂದರೆ ಏನೆಂದು ತಿಳಿದಿದ್ದೀಯ ಎಂದು ಕೇಳಿದ. ಶಬ್ದ ಎಂದೆ. ಅವನು ಕಣ್ಣು ಮುಚ್ಚಿಕೊಂಡ. ಆಮೇಲೆ ದೊರೆಯ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಏನೋ ಹೇಳಿ, ಮಾವನ ಹತ್ತಿರ ಬಂದು, ಮರ ಗಟ್ಟಿಯಾಗಿದೆಯೇ ಎಂದು ದೊರೆ ಕೇಳಿದ್ದು ಎಂದು ತೆಲುಗಿನಲ್ಲಿ ಹೇಳಿದ. ಸೌಂಡ್ ಅಂದರೆ ಗಟ್ಟಿ, ಭದ್ರ, ಹುಳುಕಿಲ್ಲದ್ದು. ಹೀಗೂ ಒಂದು ಅರ್ಥ ಇದೆಯಂತೆ.

ಸುತ್ತ ನಿಂತವರಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನಗು ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ದಾಟಿಕೊಂಡು ಹಿಂದಿನ ಸಾಲಿನವರೆಗೂ ಹೋಯಿತು. ಅಷ್ಟು ಹೊತ್ತು ಹೆದರಿ ನಿಂತಿದ್ದ ಜನ, ನಗದೆ ಏನು ಮಾಡಿಯಾರು? ನಗದೆ ಇದ್ದವರು ಮೂವರು. ದೊರೆ, ಮಾವ ಮತ್ತು ನಾನು. ದೊರೆ ಒಂದು ಸುತ್ತಿಗೆ ತರಿಸಿಕೊಂಡು, ಮಾವನನ್ನೂ ಗುಮಾಸ್ತನನ್ನೂ ಕರೆದುಕೊಂಡು ಮತ್ತೆ ಇಳಿದ. ನನ್ನನ್ನು ಕರೆಯಲಿಲ್ಲ. ಕೆಳಗೆ ಅವನು ಒಂದೊಂದು ದಿಮ್ಮಿಗೂ ಸುತ್ತಿಗೆಯಲ್ಲಿ ಬಡಿದು ನೋಡಿದನಂತೆ. ಎಲ್ಲವೂ ಟಣ್ ಎಂದವಂತೆ. ಮೇಲೆ ಬಂದು ಎಲ್ಲರ ಎದುರಿಗೆ ಮಾವನ ಕೈ ಕುಲುಕಿದ. ನನ್ನ ಬಗ್ಗೆ ಗುಮಾಸ್ತನಿಗೆ ಒಂದು ಮಾತು ಹೇಳಿ ಹೋದ. ನಾಳೆಯಿಂದ ನನಗೆ ದೀಪದ ಕೋಣೆಯಲ್ಲಿ ಕೆಲಸ. ಗಣಿಗೆ ಇಳಿಯುವವರಿಗೆ ದೀಪ ಕೊಡುವುದು, ಬಂದವರಿಂದ ವಾಪಸು ತೆಗೆದುಕೊಳ್ಳುವುದು. ಅಲ್ಲಿ ಮಾತಿನ ಅಗತ್ಯವಿಲ್ಲ ಎಂದು ಗುಮಾಸ್ತ ದಯದಿಂದಲೇ ಹೇಳಿದ.

ಮನೆಗೆ ನಡೆದು ಬರುವಾಗ ಇನ್ನೊಂದು ಹೊಳೆಯಿತು. ಸೌಂಡ್ ಅಂದರೆ ಗಟ್ಟಿ, ಭದ್ರ, ಹುಳುಕಿಲ್ಲದ್ದು. ಹಾಗಾದರೆ ಸೌಂಡ್ ಯಂಗ್ ಮ್ಯಾನ್? ಆ ದೊರೆ ನನ್ನನ್ನು ಹೊಗಳಿದ್ದ. ಜೀವಮಾನದಲ್ಲಿ ಒಬ್ಬ ದೊರೆ ನನ್ನನ್ನು ಹೊಗಳಿದ್ದು ಅದೊಂದು ಸಲ. ನಾನು ಅದನ್ನು ಬೈಗುಳವೆಂದು ತಿಳಿದು ವಾರಗಟ್ಟಲೆ ಬಾಯಿ ಮುಚ್ಚಿಕೊಂಡು ಕಷಾಯ ಕುಡಿದಿದ್ದೆ. ಹೊಗಳಿಕೆ ಎಂದು ತಿಳಿದ ದಿನವೇ ಅದು ಸುಳ್ಳೂ ಆಗಿತ್ತು.

ಲೈನಿನಲ್ಲಿ ನನಗೆ ಸೌಂಡು ಎಂಬ ಅಡ್ಡಹೆಸರು ಬಂತು. ನಲ್ಲಿಯ ಹತ್ತಿರ, ಅಂಗಡಿಯ ಹತ್ತಿರ, ಸೌಂಡು ಬಂದ, ಸೌಂಡು ಹೋದ. ತಮಿಳಿನವರೂ ತೆಲುಗಿನವರೂ ಕನ್ನಡದವರೂ ಒಂದೇ ಹೆಸರು ಹಿಡಿದು ಕರೆದದ್ದು ಅಲ್ಲಿ ನನ್ನೊಬ್ಬನನ್ನೇ ಇರಬೇಕು. ಅದನ್ನು ಸಹಿಸಬಹುದಿತ್ತು. ಸಹಿಸಲಾರದ್ದು ಮಾವನ ಮೌನ. ಅವನು ನಿಲ್ಲಿಸಿದ ಮರವನ್ನು ಊರೆಲ್ಲ ಸೇರಿದ್ದ ಕಡೆ ಹುಳುಕು ಎಂದು ಸಾರಿಬಿಟ್ಟವನು ನಾನು. ಅವನು ನನ್ನ ಜೊತೆ ಮಾತು ಬಿಟ್ಟ. ಏನಾದರೂ ಹೇಳಬೇಕಿದ್ದರೆ ಮಗಳಿಗೆ ಹೇಳುತ್ತಿದ್ದ, ಅವಳು ನನಗೆ ಹೇಳುತ್ತಿದ್ದಳು. ಮಧ್ಯೆ ಒಂದು ಅಡುಗೆ ಒಲೆಯಷ್ಟು ಜಾಗ. ಅಷ್ಟರಲ್ಲೇ ನನಗೊಬ್ಬಳು ದುಭಾಷಿ ಬೇಕಾದಳು. ಅವಳ ಅನುವಾದದಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ.

ನಾನು ದಿನಾ ಸಂಜೆ ಮಾವನ ಎದುರಿಗೆ ನಿಂತು, ತಲೆ ತಗ್ಗಿಸಿ, ತಪ್ಪಾಯಿತು ಮಾವ ಎನ್ನುತ್ತಿದ್ದೆ. ಅವನು ಕೇಳಿಸದವನ ಹಾಗೆ ಎಲೆಗೆ ಸುಣ್ಣ ಹಚ್ಚುತ್ತ ಕೂರುತ್ತಿದ್ದ. ಇವನ ಸಿಟ್ಟು ಇಳಿಯುವ ಹಾಗಿಲ್ಲ, ಊರಿಗೆ ಹೋಗಿ ಎಮ್ಮೆ ಮೇಯಿಸುವುದೇ ಸರಿ ಎಂದು ತೀರ್ಮಾನಿಸಿದೆ. ಆದರೆ ಹೋಗುವ ಮುಂಚೆ ಒಬ್ಬರನ್ನು ಕೇಳಬೇಕಿತ್ತು. ಒಂದು ಭಾನುವಾರ ರೈಲು ಹತ್ತಿ ಬೌರಿಂಗ್‌ಪೇಟೆಗೆ ಹೋದೆ.

ಮೇಷ್ಟ್ರು ಮನೆಯ ಹಿತ್ತಲಲ್ಲಿ ಬೆಂಡೆ ಗಿಡಕ್ಕೆ ನೀರು ಹಾಕುತ್ತಿದ್ದರು. ಅವರನ್ನು ಕೋಟಿಲ್ಲದೆ ನಾನು ನೋಡಿದ್ದು ಆವತ್ತೇ ಮೊದಲು. ನಡೆದದ್ದನ್ನೆಲ್ಲ ಹೇಳಿ, ನೀವು ನಮಗೆ ಯಾಕೆ ಹೇಳಲಿಲ್ಲ ಸಾರ್ ಎಂದು ಕೇಳಿದೆ. ಜಗಳವಾಡಬೇಕೆಂದೇ ಹೋಗಿದ್ದೆ. ಅವರು ಚೊಂಬು ಕೆಳಗಿಟ್ಟರು.

"ನನಗೆ ಗೊತ್ತಿದ್ದುದೇ ಅಷ್ಟಪ್ಪ," ಎಂದರು. "ನಾನು ಒಬ್ಬ ಬಿಳಿಯನ ಜೊತೆಗೂ ಮಾತಾಡಿದವನಲ್ಲ. ದೊರೆ ಬಾಯಿ ತೆಗೆದರೆ ಏನಾಗುತ್ತದೋ ಎಂದು ನಾನೂ ಸ್ಟೇಷನ್ನಿನಲ್ಲಿ ದೂರವೇ ನಿಲ್ಲುತ್ತೇನೆ."

ಇಷ್ಟು ಪ್ರಾಮಾಣಿಕವಾಗಿ ಹೇಳಿದವರ ಜೊತೆ ಜಗಳ ಹೇಗೆ ಆಡುವುದು! ಅವರು ಒಳಗೆ ಹೋಗಿ, ಶಾಲೆಯಿಂದ ತಂದಿಟ್ಟುಕೊಂಡಿದ್ದ ಒಂದು ದಪ್ಪ ನಿಘಂಟನ್ನು ತೆಗೆದು ಧೂಳು ಒರೆಸಿದರು. ಇಬ್ಬರೂ ಜಗಲಿಯ ಮೇಲೆ ಕೂತು ಸೌಂಡನ್ನು ಹುಡುಕಿದೆವು. ಶಬ್ದ, ಸರಿ. ಗಟ್ಟಿ, ಆರೋಗ್ಯವಂತ, ಸರಿ. ಮೈಮರೆತ ನಿದ್ದೆಯೂ ಸೌಂಡು. ಚೆನ್ನಾಗಿ ಬಿದ್ದ ಒದೆಯೂ ಸೌಂಡು. ಒಬ್ಬನ ಮನಸ್ಸಿನಲ್ಲಿ ಏನಿದೆ ಎಂದು ಮೆಲ್ಲಗೆ ಕೆದಕಿ ನೋಡುವುದೂ ಸೌಂಡು. ನೀರಿಗೆ ಗುಂಡು ಇಳಿಬಿಟ್ಟು ಆಳ ನೋಡುವುದೂ ಸೌಂಡು. ಎರಡು ಸಮುದ್ರಗಳ ನಡುವಿನ ಕಿರಿದಾದ ನೀರು ಸೌಂಡು. ಕೊನೆಗೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವೂ ಸೌಂಡು. ಅಲ್ಲಿಗೆ ಬಂದಾಗ ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಮೀನಿನ ಹೊಟ್ಟೆಯೊಳಗೂ ಹೋಗಿದೆಯಲ್ಲಪ್ಪ ಇದು ಎಂದು ನಗತೊಡಗಿದರು. ನಾನೂ ನಕ್ಕೆ. ಅವರ ಹೆಂಡತಿ ಮಜ್ಜಿಗೆ ತಂದು, ಏನಾಯಿತು ಎಂದು ಕೇಳಿದರೆ ಇಬ್ಬರೂ ಇನ್ನಷ್ಟು ನಕ್ಕೆವು. ಹೊರಡುವಾಗ ಅವರು, ನೀನಾದರೂ ಅವರ ಜೊತೆ ಮಾತಾಡಿ ಕೆಟ್ಟೆ, ನಾನು ಅದನ್ನೂ ಮಾಡಲಿಲ್ಲ ಎಂದರು. ನನ್ನ ತಲೆಯಿಂದ ಎಮ್ಮೆ ಮೇಯಿಸುವ ಯೋಚನೆ ಅಲ್ಲೇ ಬಿದ್ದುಹೋಯಿತು.

ಸಂಜೆಗೆ ವಾಪಸು ಬಂದೆ. ಮಾವ ಬಾಗಿಲಲ್ಲಿ ಕೂತು ಎಲೆ ಹಾಕುತ್ತಿದ್ದ. ಅವನ ಮುಂದೆ ನಿಂತು ಎಂದಿನ ಹಾಗೆ ತಲೆ ತಗ್ಗಿಸಿ, ತಪ್ಪಾಯಿತು ಮಾವ ಎಂದೆ. ಎಂದಿನ ಹಾಗೆ ಅವನು ಸುಣ್ಣ ಹಚ್ಚುತ್ತಲೇ ಇದ್ದ. ಒಳಗೆ ಅಕ್ಕಿ ಆರಿಸುತ್ತಿದ್ದ ಅವನ ಮಗಳು ಮೊರ ಕೆಳಗಿಟ್ಟಳು.

"ಬಾವ, ದಿನಾ ಬಂದು ನಿಂತ್ಕೊಂಡು ಅದೇನ್ ಗೊಣಗ್ತೀಯ? ಅಪ್ಪಂಗೆ ಎಂಗೆ ಕೇಳಿಸ್ತದೆ? ಗಟ್ಟಿಯಾಗಿ ಏಳು."

ಗಟ್ಟಿಯಾಗಿ ಹೇಳು. ನಾನು ನಿಂತಲ್ಲೇ ನಿಂತೆ. ಮರ ಗಟ್ಟಿ, ಮಾತು ಗಟ್ಟಿ. ಗಣಿಯಲ್ಲಿ ಕೊನೆಗೆ ಕರಗಿಸಿ ಎರಕ ಹೊಯ್ದು ಪೆಟ್ಟಿಗೆಯಲ್ಲಿ ಕಳಿಸುತ್ತಾರಲ್ಲ, ಅದೂ ಚಿನ್ನದ ಗಟ್ಟಿ. ಭದ್ರವಾದದ್ದಕ್ಕೂ ಜೋರು ಸದ್ದಿಗೂ ನಾವೂ ಹುಟ್ಟಿದಾಗಿನಿಂದ ಒಂದೇ ಮಾತನ್ನು ಆಡಿಕೊಂಡು ಬಂದಿದ್ದೇವೆ. ಬಿಳಿಯರ ಭಾಷೆಯಲ್ಲಿ ಇದೆಂಥ ಮೋಸ ಎಂದು ನಾನು ಹೊಟ್ಟೆ ಉರಿದುಕೊಂಡದ್ದು ನನ್ನ ಬಾಯಲ್ಲೇ ಇತ್ತು. ಆದರೆ ಭಾಷಾವಿಚಾರ ಮಾಡುವ ಹೊತ್ತಲ್ಲ ಅದು. ಅವಳು ಕಾಯುತ್ತಿದ್ದಳು.

"ತಪ್ಪಾಯ್ತು ಮಾವ," ಎಂದು ಲೈನಿಗೆಲ್ಲ ಕೇಳಿಸುವ ಹಾಗೆ ಕೂಗಿದೆ.

ಎದುರು ಮನೆಯವರು ಹೊರಗೆ ಬಂದರು. ಮಾವ ತಲೆ ಎತ್ತಿದ.

"ಓ. ಇವತ್ತಾದ್ರೂ ಬಾಯಿ ಬಿಟ್ಟೆಯಲ್ಲ. ಇಷ್ಟು ದಿನ ಎದ್ರಿಗೆ ನಿಂತು ತುಟಿ ಅಲ್ಲಾಡಿಸ್ತಿದ್ದೆ, ನನ್ನನ್ನೇ ಬಯ್ಕೊತಾ ಅವ್ನೆ ಅಂದ್ಕೊಂಡಿದ್ದೆ ಕಣ್ಲಾ."

ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿದ. ಎಲೆ ಮಡಿಸಿ ಕೊಟ್ಟ. ನನಗೆ ಎಲೆ ಹಾಕುವ ಅಭ್ಯಾಸವಿರಲಿಲ್ಲ. ಸುಣ್ಣಕ್ಕೆ ನಾಲಗೆ ಸುಟ್ಟರೂ ಜಗಿದೆ. ಒಳಗೆ ಅವಳು ಮತ್ತೆ ಮೊರ ಕೈಗೆತ್ತಿಕೊಂಡಿದ್ದಳು.

ಮರುವರ್ಷ ನಮ್ಮ ಮದುವೆಯಾಯಿತು. ಮದುವೆಗೆ ಮುಂಚೆ ಅತ್ತೆ, ಹುಡುಗನ ಮನಸ್ಸಿನಲ್ಲಿ ಏನಿದೆಯೋ ನೋಡು ಎಂದು ಮಾವನನ್ನು ಕಳಿಸಿದಳು. ನಿಘಂಟಿನ ಪ್ರಕಾರ ಅವನು ಮೆಲ್ಲಗೆ ಕೆದಕಬೇಕಿತ್ತು. ಅವನು ದೀಪದ ಕೋಣೆಯ ಮುಂದೆ, ಕೆಲಸಕ್ಕೆ ಹೊರಟ ಅಷ್ಟೂ ಜನರ ನಡುವೆ ನಿಂತು, ನನ್ನ ಮಗಳು ಒಪ್ಪಿಗೆಯೋ ಇಲ್ಲವೋ ಎಂದು ಕೂಗಿ ಕೇಳಿದ. ನನಗಿಂತ ಮುಂಚೆ ಸಾಲಿನಲ್ಲಿದ್ದವರೇ ಒಪ್ಪಿಗೆ ಎಂದುಬಿಟ್ಟರು.

ದೀಪದ ಕೋಣೆಯಲ್ಲೇ ನಾನು ಹಳಬನಾದೆ. ಯುದ್ಧದ ವರ್ಷಗಳಲ್ಲಿ ಆ ಕೆಂಪು ಮೀಸೆಯ ದೊರೆ ಊರಿಗೆ ಹೋದ, ಬೇರೆಯವನು ಬಂದ. ಅವನಿಗೆ ಮದ್ರಾಸಿನಿಂದ ಒಬ್ಬ ದುಭಾಷಿ ಬಂದ. ಬಿ.ಎ. ಓದಿದವನು, ಹೊಳೆಯುವ ಬೂಟು, ಇಂಗ್ಲಿಷ್ ನೀರು ಕುಡಿದ ಹಾಗೆ. ಕನ್ನಡವನ್ನು ಪುಸ್ತಕದಿಂದ ಕಲಿತುಬಂದಿದ್ದ. ಒಂದು ಬೆಳಗ್ಗೆ ಅವನು ಸಪ್ಪೆ ಮುಖ ಮಾಡಿಕೊಂಡು ನನ್ನ ಕಿಟಕಿಯ ಹತ್ತಿರ ಬಂದ. ಹಿಂದಿನ ದಿನ ಟಿಂಬರ್ ಮೇಸ್ತ್ರಿ, ಅಂದರೆ ನನ್ನ ಮಾವ, ಆ ಕಡೆ ಇನ್ನೂ ಮರ ಕಟ್ಟಬೇಕು ಎಂದನಂತೆ. ಇವನು ದೊರೆಗೆ, ಮರಗಳನ್ನು ಹಗ್ಗದಿಂದ ಕಟ್ಟಿಹಾಕಬೇಕಂತೆ ಎಂದು ಹೇಳಿದನಂತೆ. ದೊರೆ ಹಗ್ಗ ಕಳಿಸಿದನಂತೆ.

ನನಗೆ ಆದ ಆನಂದವನ್ನು ಮರೆಮಾಡಲು ನಾನು ಬಹಳ ಪ್ರಯತ್ನಪಟ್ಟೆ. ಅವನನ್ನು ಒಳಗೆ ಕರೆದು ಕೂರಿಸಿ, ಕಟ್ಟು ಎಂಬ ಮಾತನ್ನು ವಿವರಿಸತೊಡಗಿದೆ. ಎಮ್ಮೆ ಕಟ್ಟುವುದು ಬೇರೆ, ಮನೆ ಕಟ್ಟುವುದು ಬೇರೆ. ತಾಳಿ ಕಟ್ಟುತ್ತಾರೆ, ಬುತ್ತಿ ಕಟ್ಟುತ್ತಾರೆ, ಇಲ್ಲದ ಕತೆ ಕಟ್ಟುತ್ತಾರೆ. ನೆಗಡಿಯಾದರೆ ಮೂಗು ಕಟ್ಟುತ್ತದೆ, ಅದನ್ನು ಯಾರೂ ಕಟ್ಟುವುದಿಲ್ಲ. ಅವನು ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದ. ನನ್ನ ಮೇಷ್ಟ್ರ ಹಾಗೆ ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ನಾನು ಸರ್ಕಾರಕ್ಕೆ ಕಟ್ಟುವ ಕಂದಾಯದವರೆಗೂ ಬಂದಿದ್ದೆ. ಹೊರಗೆ ಕಿಟಕಿಯ ಮುಂದೆ ಸಾಲು ನಿಂತುಹೋಗಿತ್ತು. ಕೇಜಿನ ಗಂಟೆ ಬಾರಿಸಿದ್ದೂ ನನಗೆ ಕೇಳಿಸಿರಲಿಲ್ಲ.

ಸಾಲಿನ ಮುಂದೆ ಇದ್ದವನು ಮಾವ. ಸ್ವಲ್ಪ ಹೊತ್ತು ಕಾದು ನೋಡಿ, ಕಿಟಕಿಯೊಳಗೆ ಕೈ ಹಾಕಿ ತನ್ನ ದೀಪವನ್ನು ತಾನೇ ತೆಗೆದುಕೊಂಡು ಹೊರಟ. ಹಿಂದಿದ್ದವರೂ ಒಬ್ಬೊಬ್ಬರಾಗಿ ಹಾಗೇ ಮಾಡಿದರು. ನಾನು ಪಾಠ ಮುಗಿಸಿ ತಿರುಗಿ ನೋಡುವಷ್ಟರಲ್ಲಿ ಹಲಗೆಯ ಮೇಲೆ ಒಂದು ದೀಪವೂ ಇರಲಿಲ್ಲ. ಎಲ್ಲರೂ ಗಣಿಗೆ ಇಳಿದು ಆಗಿತ್ತು.